ಈಕೋ ಒಳಗೊಂದು ಮಂಚ: ಗ್ಯಾರೇಜಿನವರು ಬಿಚ್ಚಿದ್ದು, ಕಟ್ಟಿದ್ದು, ಕೇಳದೆ ಕೊರೆದದ್ದು

ನಮ್ಮದು ಹಳೇ ಮಾರುತಿ ಈಕೋ. ಐದು ಸೀಟಿನದು, ಪೆಟ್ರೋಲ್, 2014ರ ಗಾಡಿ. ನನ್ನ ಕೈಗೆ ಬರುವಾಗ ಆಗಲೇ ಇಬ್ಬರು ಓನರ್ ಆಗಿದ್ದರು. ಅದರ ಹಿಂದಿನ ಸೀಟು, ಮ್ಯಾಟು ಎಲ್ಲ ಬಿಚ್ಚಿಸಿ, ಇಬ್ಬರು ಮಲಗುವ ಹಾಗೆ, ಊರೂರು ಸುತ್ತಿ ಹೊರಗೆ ಅಡುಗೆ ಮಾಡಿಕೊಂಡು ಇರುವ ಹಾಗೆ ಮಾಡಿಸಿ ಈಗ ಹತ್ತು ತಿಂಗಳಾಯಿತು. ಕೆಲಸ ಮಾಡಿಕೊಟ್ಟದ್ದು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆಯ ಒಂದು ಸಣ್ಣ ಶೆಡ್. ಹೆಸರು ಹಾಕುವುದಿಲ್ಲ, ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತದೆ. ಗಾಡಿ ಹಾಗೇ ಇಟ್ಟುಕೊಂಡು ಒಳಗೆ ಮಾತ್ರ ಖಾಲಿ ಮಾಡಿಸಬೇಕು ಅಂತ ಯೋಚಿಸುತ್ತಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಒಂದು ಕಡೆ ಮೊದಲು ವಿಚಾರಿಸಿದ್ದೆ. ಸಿಂಕು, ಫ್ರಿಜ್ಜು, ಮಡಚುವ ಟೇಬಲ್ಲು, ಬಣ್ಣಬಣ್ಣದ ಲೈಟು, ಎಲ್ಲ ಸೇರಿಸಿ ಹೇಳಿದ ರೇಟು ನಾನು ಗಾಡಿಗೆ ಕೊಟ್ಟ ದುಡ್ಡಿಗೆ ಹತ್ತಿರ ಹತ್ತಿರ ಇತ್ತು. ಅಷ್ಟು ದುಡ್ಡಿದ್ದರೆ ಒಳ್ಳೇ ಹೋಟೆಲಿನಲ್ಲಿ ಮಲಗುತ್ತಿದ್ದೆ, ಅಲ್ವಾ. ನನಗೆ ಬೇಕಿದ್ದದ್ದು ಮಂಚ, ಒಂದು ಫ್ಯಾನು, ಒಂದು ಲೈಟು, ಮಳೆ ಬಂದರೆ ಒಳಗೆ ಒದ್ದೆಯಾಗದೆ ಇರುವುದು. ಅಷ್ಟೇ.

ಈಕೋನೇ ಯಾಕೆ ಅಂದರೆ, ಮಲೆನಾಡಿನವರಿಗೆ ಅದನ್ನ ವಿವರಿಸಬೇಕಿಲ್ಲ. ಮೊದಲು ಓಮ್ನಿ ಇತ್ತು. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂತು, ಓಮ್ನಿ ಅನ್ನುವ ಹೆಸರು ಆಮೇಲೆ. 2019ರಲ್ಲಿ ನಿಂತಿತು. ಅಡಿಕೆ, ಗೊಬ್ಬರ, ಮದುವೆ ದಿಬ್ಬಣ, ಬಾಣಂತಿ, ಎಲ್ಲದಕ್ಕೂ ಅದೇ ಗಾಡಿ. ಈಗ ಆ ಜಾಗದಲ್ಲಿ 2010ರಲ್ಲಿ ಬಂದ ಈಕೋ ಇದೆ. ಇಂಜಿನ್ನು ಮುಂದಿನ ಸೀಟಿನ ಅಡಿಗೆ ಇರುವುದರಿಂದ ಹಿಂದೆ ಪೂರ್ತಿ ಡಬ್ಬದ ಹಾಗೆ ಚೌಕ ಜಾಗ. ಎರಡೂ ಪಕ್ಕ ಜಾರುವ ಬಾಗಿಲು. ಹಿಂದಿನ ಬಾಗಿಲು ಮೇಲಕ್ಕೆ ಎತ್ತಿದರೆ ಅದೇ ಒಂದು ಸೂರು. ಒಟ್ಟು ಉದ್ದ 3675 ಎಂಎಂ, ಅಗಲ 1475. ಅಂದರೆ ಹಳೇ ಪೇಟೆಯ ಗಲ್ಲಿಯಲ್ಲೂ ತಿರುಗಿಸಬಹುದು. ಒಂದು ಮಾತು: ಈ ಕೆಲಸಕ್ಕೆ ಅಂತಲೇ ಗಾಡಿ ಹುಡುಕುತ್ತಿದ್ದರೆ ಸಿಎನ್‌ಜಿ ಬೇಡ. ಸಿಲಿಂಡರ್ ಹಿಂದೆ ಕೂತಿರುತ್ತದೆ, ನಿಮ್ಮ ಕಾಲು ಚಾಚುವ ಜಾಗವನ್ನೇ ಅದು ತಿಂದುಬಿಡುತ್ತದೆ.

ಸರಿ, ಶೆಡ್ಡಿನ ವಿಚಾರ. ಅಲ್ಲಿ ಮೂರು ಜನ. ಯಜಮಾನ ಟಿಂಕರಿಂಗ್ ಮಾಡುವವರು. ಮರದ ಕೆಲಸಕ್ಕೆ ಹೊರಗಿನಿಂದ ಒಬ್ಬರು ಆಚಾರ್ರು ಬರುತ್ತಾರೆ. ವೈರಿಂಗಿಗೆ ಒಬ್ಬ ಹುಡುಗ. ಮೂವರಿಗೂ ನಾನು ಶುರುವಿನಲ್ಲೇ ಒಂದು ಷರತ್ತು ಹಾಕಿದ್ದೆ: ಗಾಡಿಯ ಬಾಡಿಯಲ್ಲಿ ಏನನ್ನೂ ಕೊಯ್ಯಬಾರದು, ವೆಲ್ಡ್ ಮಾಡಬಾರದು, ಹೊಸ ತೂತು ಕೊರೆಯಬಾರದು. ಬಿಚ್ಚಿದ್ದೆಲ್ಲ ಒಂದು ದಿನದಲ್ಲಿ ವಾಪಸ್ ಕೂರಿಸುವ ಹಾಗಿರಬೇಕು.

ಇದು ಸುಮ್ನೆ ಹಟಕ್ಕೆ ಹೇಳಿದ್ದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಬರೆದ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವ ಹಾಗೆ ಬದಲಾಯಿಸುವಂತಿಲ್ಲ. ಎಷ್ಟು ಸೀಟು ಅನ್ನುವುದೂ ಆರ್‌ಸಿಯಲ್ಲೇ ಇರುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನ ಬಿಗಿಯಾಗೇ ಹೇಳಿದೆ. ಅದೇ ವರ್ಷದ ತಿದ್ದುಪಡಿ ಆದ ಮೇಲೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕಾಯಂ ಆಗಿ ಸೀಟು ತೆಗೆದುಹಾಕಿ ಮಂಚ ವೆಲ್ಡ್ ಮಾಡಿಸುವವರು ಮೊದಲು ಆರ್‌ಟಿಒ ಆಫೀಸಿಗೆ, ಇನ್ಶೂರೆನ್ಸಿನವರಿಗೆ ಕಾಗದ ಕೊಟ್ಟು ಕೇಳಿಕೊಂಡೇ ಕೈ ಹಾಕಿ. ನನ್ನ ಲೆಕ್ಕದಲ್ಲಿ ಮಂಚ ಅಂದರೆ ಗಾಡಿಯಲ್ಲಿ ಹೇರಿದ ಸಾಮಾನು. ಟೂರಿಗೆ ಮುಂಚೆ ಒಳಗೆ ಹೋಗುತ್ತದೆ, ಬಂದ ಮೇಲೆ ಇಳಿಯುತ್ತದೆ. ಮತ್ತೆ, ಮಂಚ ಇರುವಾಗ ಗಾಡಿ ಓಡುತ್ತಿದ್ದರೆ ಹಿಂದೆ ಯಾರೂ ಕೂರುವಂತಿಲ್ಲ. ನಮ್ಮ ಮನೆಯಲ್ಲಿ ಇದಕ್ಕೆ ದೊಡ್ಡ ಜಗಳವೇ ಆಗಿದೆ. ಭಾವನ ಮಕ್ಕಳು "ಮಂಚದ ಮೇಲೆ ಮಲಗಿಕೊಂಡೇ ಬರ್ತೀವಿ ಮಾಮಾ" ಅಂತ ಅತ್ತು ಕರೆದು ಮಾಡಿದರು. ಬೆಲ್ಟ್ ಇಲ್ಲದೆ ಹುಲಿಕಲ್ ಘಾಟಿಯಲ್ಲಿ ಒಂದು ಸಲ ಜೋರಾಗಿ ಬ್ರೇಕ್ ಹಾಕಿದರೆ ಏನಾಗುತ್ತದೆ ಅಂತ ಮಕ್ಕಳಿಗೆ ಹೇಗೆ ಹೇಳುವುದು. ಬಸ್ಸಿಗೆ ಕಳಿಸಿದೆ.

ಬಿಚ್ಚುವ ಕೆಲಸ ಇವರದ್ದು ಸೂಪರ್. ನಿಜಕ್ಕೂ. ಯಜಮಾನ ಒಂದೊಂದು ಬೋಲ್ಟನ್ನೂ ಎಲೆ ಅಡಿಕೆ ಕವರಿನಂಥ ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ, ಒಳಗೆ ಚೀಟಿ ಇಟ್ಟು, ಪಿನ್ ಹೊಡೆದು ಕೊಟ್ಟರು. "ಎಡಗಡೆ ಹಿಂದೆ", "ಬೆಲ್ಟಿಂದು", "ಬಾಗಿಲ ಕೆಳಗೆ". ಅವರ ಅಕ್ಷರ ಓದಲು ಕಷ್ಟ, ಆದರೂ ಒಂದೂ ತಪ್ಪಿಲ್ಲ. ಸೀಟಿನ ಬೋಲ್ಟುಗಳಿಗೆ ಹಿಂದಿನ ದಿನ ರಾತ್ರಿಯೇ ರಸ್ಟ್ ಆಯಿಲ್ ಹೊಡೆದು ಬಿಟ್ಟಿದ್ದರು. ಅಷ್ಟಾದರೂ ಒಂದು ಬೋಲ್ಟು ತುಂಡಾಯಿತು. ಹನ್ನೊಂದು ಮಳೆಗಾಲ ಕಂಡ ಬೋಲ್ಟು, ಆಗದೆ ಇದ್ದರೆ ಆಶ್ಚರ್ಯ. ಅದನ್ನ ಡ್ರಿಲ್ ಮಾಡಿ ತೆಗೆದು ಟ್ಯಾಪ್ ಹಾಕಿ ಹೊಸ ಮರೆ, ಅಂದರೆ ಬೋಲ್ಟು ತಿರುಗಿ ಕೂರುವ ಸುರುಳಿ ಗೆರೆ, ಮಾಡಿಕೊಟ್ಟರು. ಅರ್ಧ ದಿನ ಅದಕ್ಕೇ ಹೋಯಿತು. ಅದಕ್ಕೆ ಅಂತ ಎಕ್ಸ್‌ಟ್ರಾ ದುಡ್ಡು ಕೇಳಲಿಲ್ಲ.

ಸೀಟು ಎತ್ತಿದ ಮೇಲೆ ಮ್ಯಾಟ್ ಸುತ್ತಿಕೊಂಡು ಬಂತು ನೋಡಿ, ಅದರ ಅಡಿಯ ಪ್ರಪಂಚವೇ ಬೇರೆ. ಕಡಲೆಕಾಯಿ ಸಿಪ್ಪೆ, ಒಣಗಿ ಕಲ್ಲಾದ ಅಡಿಕೆ ಮೂರು, ಎರಡು ರೂಪಾಯಿ ನಾಣ್ಯ, ಮಗುವಿನ ಒಂದು ಚಪ್ಪಲಿ, ಸಿಗಂದೂರಿನ ಕುಂಕುಮದ ಪೊಟ್ಟಣ. ಹಿಂದಿನ ಓನರ್‌ಗಳ ಪೂರ್ತಿ ಚರಿತ್ರೆ. ಕುಂಕುಮದ ಪೊಟ್ಟಣವನ್ನ ಯಜಮಾನ ಕಣ್ಣಿಗೆ ಒತ್ತಿಕೊಂಡು ಡ್ಯಾಶ್‌ಬೋರ್ಡ್ ಮೇಲೆ ಇಟ್ಟರು, ಈಗಲೂ ಅಲ್ಲೇ ಇದೆ. ಆದರೆ ಮುಖ್ಯ ವಿಷಯ ಅದಲ್ಲ. ಮ್ಯಾಟಿನ ಅಡಿಯ ಫೆಲ್ಟು ಹಿಂಡಿದರೆ ನೀರು ಬರುವಷ್ಟು ಒದ್ದೆ. ಮೇಲೆ ಕೈಯಾಡಿಸಿದರೆ ಒಣಗಿದ ಹಾಗೇ ಇತ್ತು! ಅದರ ಕೆಳಗೆ ಅಂಗೈ ಅಗಲ ತುಕ್ಕು. ಕ್ಯಾಂಪಿಂಗ್ ಬೇಡ, ಏನೂ ಬೇಡ, ಮಲೆನಾಡಿನಲ್ಲಿ ಹಳೇ ಗಾಡಿ ಇಟ್ಟುಕೊಂಡವರು ಎರಡು ವರ್ಷಕ್ಕೊಮ್ಮೆ ಆ ಮ್ಯಾಟ್ ಎತ್ತಿ ನೋಡುವುದು ಒಳ್ಳೆಯದು. ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಮೇಲೆ ಪೇಂಟ್ ಮಾಡಿದರು. ಫೆಲ್ಟನ್ನ ಬಿಸಾಡಿ ಬರೀ ಪಿವಿಸಿ ಮ್ಯಾಟ್ ಹಾಸಿದ್ದೇವೆ. ಅದನ್ನ ಎತ್ತಿ ಒಣಗಿಸಬಹುದು, ಕೆಸರಾದರೆ ಪೈಪಿನಲ್ಲಿ ತೊಳೆಯಬಹುದು.

ರೂಫ್ ಲೈನಿಂಗ್ ಇಳಿಸಿ ತಗಡಿಗೆ ಡ್ಯಾಂಪಿಂಗ್ ಶೀಟ್ ಅಂಟಿಸಿದರು. ಇದು ಒಂದು ಪಕ್ಕ ಅಲ್ಯೂಮಿನಿಯಂ, ಇನ್ನೊಂದು ಪಕ್ಕ ಅಂಟು ರಬ್ಬರ್ ಇರುವ ಹಾಳೆ. ಇಡೀ ಗಾಡಿಗೆ ಹೊಡೆಯೋಣ ಅಂತ ಅವರು. ಬೇಡ ಅಂದೆ. ತಗಡು ಡಬಡಬ ಅನ್ನದ ಹಾಗೆ ಮಾಡುವುದಷ್ಟೇ ಅದರ ಕೆಲಸ, ಒಂದೊಂದು ತಗಡಿನ ಮಧ್ಯಕ್ಕೆ ಮೂರರಲ್ಲಿ ಒಂದು ಭಾಗ ಅಂಟಿಸಿದರೆ ಸಾಕು, ಉಳಿದದ್ದು ಬರೀ ತೂಕ, ಬರೀ ಬಿಲ್ಲು. ಬಿಸಿಲು ತಡೆಯುವುದಕ್ಕೆ ಅದರ ಮೇಲೆ ಕಪ್ಪು ನೈಟ್ರೈಲ್ ಫೋಮ್ ಹಾಕಿಸಿದೆ, ನೀರು ಕುಡಿಯದ ಜಾತಿಯದ್ದು. ಥರ್ಮಾಕೋಲ್ ತುಂಬೋಣ ಅಂದಿದ್ದರು, ಒಪ್ಪಲಿಲ್ಲ, ಗುಂಡಿಯಲ್ಲಿ ಇಳಿದಾಗಲೆಲ್ಲ ಕಿರ್ ಕಿರ್ ಅನ್ನುತ್ತದೆ. ಬಾಗಿಲುಗಳ ಒಳಗೆ ಫೋಮ್ ತುಂಬುವಾಗ ನಾನೇ ಪಕ್ಕದಲ್ಲಿ ನಿಂತಿದ್ದೆ. ಬಾಗಿಲ ಅಡಿಯಲ್ಲಿ ನೀರು ಇಳಿದು ಹೋಗುವ ಸಣ್ಣ ತೂತುಗಳಿರುತ್ತವೆ. ಅದನ್ನ ಮುಚ್ಚಿದರೆ ಬಾಗಿಲೇ ಒಂದು ಕೆರೆ. ಆದರೆ ಅಂಟಿಸಲು ಬಳಸಿದ ಎಸ್‌ಆರ್ ಗಮ್ಮಿನ ವಾಸನೆ ಹದಿನೈದು ದಿನ ಹೋಗಲಿಲ್ಲ, ಬಾಗಿಲು ತೆಗೆದಿಟ್ಟು ಬಿಸಿಲಿಗೆ ನಿಲ್ಲಿಸಿದರೂ ತಲೆನೋವು ಬರುತ್ತಿತ್ತು. ಟೂರಿಗೆ ಎರಡು ದಿನ ಇರುವಾಗ ಈ ಕೆಲಸ ಮಾಡಿಸಬೇಡಿ.

ಆಚಾರ್ರ ಕೆಲಸಕ್ಕೆ ಬರೋಣ. ಡ್ರೈವರ್ ಸೀಟು ಮುಂದಕ್ಕೆ ಜರುಗಿಸಿ ಟೇಪ್ ಹಿಡಿದರೆ ಹಿಂದಿನ ಬಾಗಿಲವರೆಗೆ ಆರಡಿಗೆ ಎರಡಿಂಚು ಕಡಿಮೆ ಸಿಕ್ಕಿತು. ನಾನು ಐದು ಅಡಿ ಏಳು ಇಂಚು, ನನಗೆ ಸಾಕು. ಆರಡಿ ಮೇಲಿರುವವರು ಓರೆಯಾಗಿ ಮಲಗಬೇಕು. ಅಗಲ ನಾಲ್ಕಡಿ. ಗಂಡ ಹೆಂಡತಿ ಜಗಳವಾಡದೆ ಇದ್ದರೆ ಸಾಲುತ್ತದೆ.

ಆಚಾರ್ರು ಮನೆ ಮಂಚ ಮಾಡುವ ಲೆಕ್ಕದಲ್ಲೇ ಬಂದರು. ಎಲ್ಲಾ 18 ಎಂಎಂ ಪ್ಲೈ. "ನೂರು ವರ್ಷ ಬಾಳಿಕೆ ಬರುತ್ತೆ ನೋಡಿ" ಅಂದರು. ಗಾಡಿ ಇನ್ನು ಹತ್ತು ವರ್ಷ ಇರುವುದೂ ಅನುಮಾನ, ಮಂಚಕ್ಕೆ ನೂರು ವರ್ಷ ಯಾಕೆ ಆಚಾರ್ರೇ ಅಂದೆ. ಎಂಟಕ್ಕೆ ನಾಲ್ಕರ ಒಂದು 18 ಎಂಎಂ ಹಾಳೆಯೇ ಹತ್ತಿರ ಹತ್ತಿರ 35 ಕೆಜಿ ಬರುತ್ತದೆ. ಎರಡು ಹಾಳೆ ಹಾಕಿದರೆ ಗಾಡಿಯಲ್ಲಿ ಒಬ್ಬ ಮನುಷ್ಯ ಕಾಯಂ ಕೂತ ಹಾಗೆ. ಕೊನೆಗೆ ಕಾಲುಗಳಿಗೆ ಮಾತ್ರ 18, ಮೇಲಿನ ಹಲಗೆಗಳಿಗೆ 12, ಎರಡೂ 710 ಗ್ರೇಡಿನ ವಾಟರ್‌ಪ್ರೂಫ್ ಪ್ಲೈ ಅಂತ ಒಪ್ಪಂದ ಆಯಿತು. ಒಪ್ಪಿದ ಮೇಲೆ ಆ ಮನುಷ್ಯ ಮಾಡಿದ ಕೆಲಸ ನೋಡಬೇಕು. ಮೂರು ಹಲಗೆ, ಮಧ್ಯೆ ಉದ್ದದ ಪಿಯಾನೋ ಹಿಂಜ್. ಮಡಚಿದರೆ ಅರ್ಧ ಗಾಡಿ ಖಾಲಿ. ವೀಲ್ ಮೇಲಿನ ಉಬ್ಬಿಗೆ ರಟ್ಟು ಕತ್ತರಿಸಿ ನಾಲ್ಕು ಸಲ ಅಳತೆ ನೋಡಿ ಹಲಗೆ ಕೊಯ್ದಿದ್ದಾರೆ, ಒಂದು ಬೆಂಕಿಕಡ್ಡಿ ತೂರುವಷ್ಟೂ ಸಂದಿ ಇಲ್ಲ. ಅಂಚುಗಳಿಗೆ ವಾರ್ನಿಷ್ ಮೂರು ಕೋಟ್. ಕಾಲುಗಳು ಕೂತಿರುವುದು ಸೀಟಿನ ಹಳೇ ಬೋಲ್ಟಿನ ಜಾಗದಲ್ಲೇ, ಅವೇ ಬೋಲ್ಟಿನಲ್ಲಿ. ಜೋರು ಬ್ರೇಕಿಗೂ ಅಲುಗುವುದಿಲ್ಲ. ನಮ್ಮ ಅಡಿಕೆ ತೂಗುವ ಕಾಂಟಾದಲ್ಲಿ ಹಾಕಿ ನೋಡಿದೆ: ಬಿಚ್ಚಿದ ಸೀಟು, ಮ್ಯಾಟು ಸೇರಿ 34 ಕೆಜಿ, ಮಂಚ ಹಾಸಿಗೆ ಸೇರಿ 41. ಪರವಾಗಿಲ್ಲ.

ಒಂದೇ ಒಂದು ಎಡವಟ್ಟು. ಸಾಮಾನು ಇಡುವ ಪೆಟ್ಟಿಗೆಯನ್ನ ಎಡ ಬಾಗಿಲಿಗೆ ಒತ್ತಿ ಕೂರಿಸಿಬಿಟ್ಟಿದ್ದರು, ಬಾಗಿಲಿನ ಒಳಗಿನ ಹಿಡಿಕೆ ಅದರ ಹಿಂದೆ ಮರೆಯಾಗಿತ್ತು. ಬಲಗಡೆ ಬಾಗಿಲಲ್ಲಿ ಚೈಲ್ಡ್ ಲಾಕ್ ಹಾಕಿತ್ತು. ಅಂದರೆ ಒಳಗೆ ಮಲಗಿ ಬಾಗಿಲು ಎಳೆದುಕೊಂಡರೆ ಮುಂದಿನ ಸೀಟು ಹತ್ತಿ ಹಾರಿಯೇ ಹೊರಗೆ ಬರಬೇಕು. ಶೆಡ್ಡಿನಲ್ಲೇ ಮಲಗಿ ನೋಡಿದ್ದಕ್ಕೆ ಗೊತ್ತಾಯಿತು. ಪೆಟ್ಟಿಗೆಗೆ ಕೈ ಹೋಗುವಷ್ಟು ಕಿಂಡಿ ಮಾಡಿಸಿದೆ, ಚೈಲ್ಡ್ ಲಾಕ್ ತೆಗೆದೆ. ನೀವು ಮಾಡಿಸುವಾಗ ದುಡ್ಡು ಕೊಡುವ ಮುಂಚೆ ಒಳಗೆ ಮಲಗಿ, ಕಣ್ಣು ಮುಚ್ಚಿಕೊಂಡು, ಕೈಯಿಂದ ತಡಕಿ ಬಾಗಿಲು ತೆಗೆದು ನೋಡಿ. ಅಲ್ಲಿದ್ದವರು ನಕ್ಕರೆ ನಗಲಿ.

ಈಗ ವೈರಿಂಗ್. ಇಲ್ಲಿ ಸಿಟ್ಟು ಬರುತ್ತದೆ.

ಬೇಕಿದ್ದದ್ದು ಜುಜುಬಿ. ಒಂದು 12 ವೋಲ್ಟ್ ಫ್ಯಾನು, ಒಂದು ಎಲ್‌ಇಡಿ ಪಟ್ಟಿ, ಎರಡು ಮೊಬೈಲ್ ಚಾರ್ಜರ್. ಫ್ಯಾನಿಗೆ 12 ವ್ಯಾಟ್ ಅಂದರೆ ರಾತ್ರಿ ಎಂಟು ಗಂಟೆಗೆ 96 ವ್ಯಾಟ್-ಅವರ್. 12.8 ವೋಲ್ಟಿನ 50 ಎಎಚ್ ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ 640 ವ್ಯಾಟ್-ಅವರ್ ಇರುತ್ತದೆ, ಲೈಟು, ಮೊಬೈಲ್ ಸೇರಿದರೂ ಮೂರು ನಾಲ್ಕು ರಾತ್ರಿ ಆರಾಮಾಗಿ ನಡೆಯುತ್ತದೆ. ಗಾಡಿ ಓಡುವಾಗ ಅದು ಚಾರ್ಜ್ ಆಗಲಿ ಅಂತ ಗಾಡಿಯ ಬ್ಯಾಟರಿಯಿಂದ ಹಿಂದಕ್ಕೆ ಒಂದು ವೈರ್ ಎಳೆದು, ಮಧ್ಯೆ ಒಂದು ಚಾರ್ಜರ್ ಹಾಕುವುದು. ಇಷ್ಟೇ ಕೆಲಸ. ನಾನು ಅವತ್ತು ಊರಲ್ಲಿ ಇರಲಿಲ್ಲ. ಸಂಜೆ ವೈರಿಂಗ್ ಹುಡುಗ ಫೋನಿನಲ್ಲಿ "ಆಯ್ತು ಸರ್, ಫ್ಯಾನ್ ಹೆಂಗೆ ತಿರುಗುತ್ತೆ ನೋಡಿ" ಅಂತ ವಿಡಿಯೋ ಕಳಿಸಿದ. ಖುಷಿಯಾಯಿತು.

ಎರಡು ತಿಂಗಳ ನಂತರ, ಒಂದು ಆರುನೂರು ಕಿಲೋಮೀಟರ್ ಓಡಿದ ಮೇಲೆ, ಕೆಸರು ತೊಳೆಯುತ್ತಾ ಮ್ಯಾಟ್ ಎತ್ತಿದೆ. ಮುಂದಿನ ಸೀಟಿನ ಹಿಂದೆ ತಗಡಿನಲ್ಲಿ ಒಂದು ಹೊಸ ತೂತು. ಕೊರೆದ ಅಂಚಿಗೆ ಬಣ್ಣವೂ ಇಲ್ಲ, ರಬ್ಬರ್ ಬುಷ್ಷೂ ಇಲ್ಲ. ಕೆಂಪು ವೈರ್ ಆ ಚೂಪು ಅಂಚಿನ ಮೇಲೆ ಕೂತು ಸವೆದು ಸವೆದು, ಒಂದು ಅಕ್ಕಿಕಾಳಿನಷ್ಟು ಜಾಗದಲ್ಲಿ ತಾಮ್ರ ಹೊಳೆಯುತ್ತಿತ್ತು. ಅಷ್ಟೇ. ಒಂದು ಅಕ್ಕಿಕಾಳು. ವೈರ್ ಹಿಡಿದುಕೊಂಡು ಬ್ಯಾಟರಿವರೆಗೆ ಹೋದೆ. ಎಲ್ಲೂ ಫ್ಯೂಸ್ ಇಲ್ಲ. ಆ ತಾಮ್ರ ತಗಡಿಗೆ ಸರಿಯಾಗಿ ತಾಗಿದ್ದರೆ ಬ್ಯಾಟರಿಯ ಪೂರ್ತಿ ಕರೆಂಟು ಆ ವೈರಿನಲ್ಲೇ ಹರಿಯಬೇಕು, ವೈರ್ ಕೆಂಪಗೆ ಕಾಯಬೇಕು, ಪಕ್ಕದಲ್ಲೇ ಪಿವಿಸಿ ಮ್ಯಾಟು, ಮೇಲೆ ಫೋಮ್ ಹಾಸಿಗೆ, ಅದರ ಮೇಲೆ ನಾವಿಬ್ಬರು.

ಶೆಡ್ಡಿಗೆ ಹೋಗಿ ತೋರಿಸಿದೆ. ಹುಡುಗ ಬಗ್ಗಿ ನೋಡಿ, "ಏನೂ ಆಗ್ತಿರ್ಲಿಲ್ಲ ಸರ್" ಅಂದ. ಯಜಮಾನ ಮಾತಾಡಲಿಲ್ಲ. ಅವನನ್ನ ಆ ಕಡೆ ಕಳಿಸಿ ತಾವೇ ಕೂತು, ವೈರ್ ಪೂರ್ತಿ ಕಿತ್ತು, ಗಾಡಿಯಲ್ಲಿ ಮೊದಲೇ ಇದ್ದ ಒಂದು ದಾರಿಯಲ್ಲಿ ಪ್ಲಾಸ್ಟಿಕ್ ಕೊಳವೆಯೊಳಗೆ ಹೊಸ ವೈರ್ ಎಳೆದರು. ಎರಡೂ ಬ್ಯಾಟರಿಗಳ ಹತ್ತಿರ ಒಂದೊಂದು ಫ್ಯೂಸ್ ಹಾಕಿದರು. ತೂತಿಗೆ ಬಣ್ಣ ಹಚ್ಚಿ ರಬ್ಬರ್ ಬಿರಡೆ ಜಡಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ಆದರೂ ಆ ತೂತು ನನ್ನ ಗಾಡಿಯಲ್ಲಿ ಉಳಿಯಿತು. ಬಿಚ್ಚಿದ್ದೆಲ್ಲ ವಾಪಸ್ ಕೂರಿಸಬಹುದು, ಕೊರೆದದ್ದನ್ನ ಹೇಗೆ ವಾಪಸ್ ಮಾಡುವುದು. ಹಾಗಾಗಿ ನನ್ನ ಮಾರ್ಕ್ಸು ಹೀಗೆ: ಬಿಚ್ಚಿದ್ದಕ್ಕೆ ಹತ್ತಕ್ಕೆ ಒಂಬತ್ತು, ಮರದ ಕೆಲಸಕ್ಕೆ ಎಂಟೂವರೆ, ವೈರಿಂಗಿಗೆ ಎರಡು. ಆ ಎರಡೂ ಫ್ಯಾನ್ ತಿರುಗಿದ್ದಕ್ಕೆ.

ಖರ್ಚು: ಬಿಚ್ಚಿ, ತುಕ್ಕು ತೆಗೆದು, ಪೇಂಟ್ ಮಾಡಿದ್ದಕ್ಕೆ 6,500. ಪ್ಲೈ, ಹಿಂಜು, ಆಚಾರ್ರ ಕೂಲಿ ಸೇರಿ 14,000. ಡ್ಯಾಂಪಿಂಗ್ ಮತ್ತು ಫೋಮ್ 7,000. ನಾಲ್ಕಿಂಚಿನ ಹಾಸಿಗೆ, ರೆಕ್ಸಿನ್ ಹೊಲಿಗೆ 5,500. ಬ್ಯಾಟರಿ, ಚಾರ್ಜರ್, ಫ್ಯಾನು, ವೈರು 19,000. ಒಟ್ಟು 52,000. ಬ್ಯಾಟರಿ ಬಿಟ್ಟು ಒಂದು ದೊಡ್ಡ ಪವರ್‌ಬ್ಯಾಂಕ್, ಯುಎಸ್‌ಬಿ ಫ್ಯಾನ್ ಇಟ್ಟುಕೊಂಡಿದ್ದರೆ ಹತ್ತಿರ ಹತ್ತಿರ 15,000 ಉಳಿಯುತ್ತಿತ್ತು, ವೈರಿಂಗಿನ ಈ ಕಥೆಯೂ ಇರುತ್ತಿರಲಿಲ್ಲ.

ಮೊದಲ ರಾತ್ರಿ ಮಲಗಿದ್ದು ಹೊಸನಗರದ ಹತ್ತಿರ ನೆಂಟರ ಮನೆ ಅಂಗಳದಲ್ಲಿ. ಮನೆಯೊಳಗೆ ಹಾಸಿಗೆ ಹಾಸಿಟ್ಟು ಕಾಯುತ್ತಿದ್ದ ಅತ್ತೆಗೆ "ಗಾಡಿಯಲ್ಲಿ ಮಲಗ್ತೀವಿ" ಅಂದಾಗ ಅವರ ಮುಖ ನೋಡಬೇಕಿತ್ತು, ಏನೋ ಮನಸ್ತಾಪ ಆಗಿದೆ ಅಂತಲೇ ಅಂದುಕೊಂಡರು. ಜೋರು ಮಳೆ. ಫೋಮ್ ಹಾಕಿದ್ದಕ್ಕೆ ತಗಡಿನ ಸದ್ದು ಹಂಚಿನ ಮನೆಯ ಸದ್ದಿನಷ್ಟಕ್ಕೆ ಇಳಿದಿತ್ತು. ಬೆಳಿಗ್ಗೆ ಎದ್ದಾಗ ಮಾತ್ರ ಗಾಜಿನಿಂದ ನೀರು ಇಳಿದು ಹಾಸಿಗೆಯ ಅಂಚು ಒದ್ದೆ. ಸೋರಿದ್ದಲ್ಲ, ನಮ್ಮದೇ ಉಸಿರು. ಅವತ್ತಿನಿಂದ ಮುಂದಿನ ಎರಡೂ ಗಾಜು ಎರಡು ಬೆರಳು ಇಳಿಸಿ, ಮೇಲೆ ಡೋರ್ ವೈಸರ್, ಒಳಗೆ ಅಯಸ್ಕಾಂತ ಹೊಲಿದ ಸೊಳ್ಳೆ ಪರದೆ. ಗಾಳಿ ಆಡುತ್ತದೆ, ಮಳೆ ಬರುವುದಿಲ್ಲ, ಇಂಬಳ (ಜಿಗಣೆ) ಕೂಡ ಬರುವುದಿಲ್ಲ. ಚಪ್ಪಲಿ ಮಾತ್ರ ಹೊರಗೆ ಬಿಡಬೇಡಿ, ಬೆಳಿಗ್ಗೆ ಅದರಲ್ಲೇ ಕೂತಿರುತ್ತವೆ.

ಅಡುಗೆ ಯಾವತ್ತೂ ಹೊರಗೆ. ಹಿಂದಿನ ಬಾಗಿಲು ಎತ್ತಿ ಅದರ ಕೆಳಗೆ ಸಣ್ಣ ಗ್ಯಾಸ್ ಒಲೆ. ಮಳೆ ಅಂತ ಒಳಗೆ ಹಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ಇಂಜಿನ್ ಓಡಿಸಿಟ್ಟು ಎಸಿ ಹಾಕಿಕೊಂಡು ಮಲಗುವುದೂ ಅಷ್ಟೇ ಅಪಾಯ. ನಿಲ್ಲಿಸುವ ಜಾಗದ ವಿಚಾರಕ್ಕೆ, ಕಾಡಿನ ರಸ್ತೆ ಪಕ್ಕ ನಾವು ನಿಲ್ಲಿಸುವುದಿಲ್ಲ. ಕೊಲ್ಲೂರು ಸುತ್ತ ಎಲ್ಲ ಅಭಯಾರಣ್ಯ, ಶರಾವತಿ ಕಣಿವೆಯೂ ಹಾಗೇ. ಹೋಂಸ್ಟೇಯವರ ಅಂಗಳದಲ್ಲಿ ಬಚ್ಚಲು ಮನೆ ಬಳಸುವುದಕ್ಕೆ ಅಂತ 300 ಕೊಟ್ಟರೆ ಹೆಚ್ಚಿನವರು ಒಪ್ಪುತ್ತಾರೆ, ಬೆಳಿಗ್ಗೆ ಕಾಫಿಯೂ ಸಿಗುತ್ತದೆ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ಮಧ್ಯೆ ಹೈವೇ. ನೋಡಲು ಸ್ವರ್ಗ. ಅಲ್ಲೇ ಪಕ್ಕಕ್ಕೆ ಹಾಕಿ ಮಲಗೋಣ ಅಂತ ಹೋದರೆ ಲಾರಿ ಹೋದಾಗಲೆಲ್ಲ ಮಂಚ ತೊಟ್ಟಿಲಾಯಿತು, ಹನ್ನೊಂದು ಗಂಟೆಗೆ ಎದ್ದು ಬೇರೆ ಜಾಗ ಹುಡುಕಿದೆವು. ಸಿಗಂದೂರಿಗೆ 2025ರ ಜುಲೈಯಲ್ಲಿ ಸೇತುವೆ ಆದ ಮೇಲೆ ಹಿನ್ನೀರು ದಾಟಿಸುವ ಲಾಂಚಿಗೆ ಸರದಿ ನಿಲ್ಲುವ ಕೆಲಸ ಇಲ್ಲ, ಆ ಕಡೆಗೂ ಎರಡು ಸಲ ಹೋಗಿ ಬಂದೆವು.

ಇನ್ನೊಂದು ಹೇಳಲೇಬೇಕು, ಇದು ಶೆಡ್ಡಿನವರ ತಪ್ಪಲ್ಲ, ನನ್ನದೇ. ಬಿಚ್ಚಿದ ಸೀಟನ್ನ ಗೋಣಿಚೀಲದಲ್ಲಿ ಸುತ್ತಿ ಕೊಟ್ಟಿಗೆ ಅಟ್ಟದ ಮೇಲೆ ಇಟ್ಟಿದ್ದೆ. ಎಲ್ಲ ವಾಪಸ್ ಕೂರಿಸುವ ಹಾಗಿರಬೇಕು ಅಂತ ಊರಿಗೆಲ್ಲ ಭಾಷಣ ಮಾಡಿದವನು ನಾನೇ ತಾನೇ. ದೀಪಾವಳಿಗೆ ಮನೆಮಂದಿ ಎಲ್ಲ ಹೋಗಬೇಕು ಅಂತ ಸೀಟು ಇಳಿಸಿದರೆ, ಚೀಲದಿಂದ ಫೋಮಿನ ಪುಡಿ ಸುರಿಯಿತು. ಇಲಿ ಸಂಸಾರ ಹೂಡಿತ್ತು. ಮರಿಗಳು ಐದು. ಅಮ್ಮ ನೋಡಿ, "ನೀನು ಮಂಚ ಮಾಡಿಸ್ಕೊಂಡೆ, ಅವು ಮಾಡಿಸ್ಕೊಳ್ಳಬಾರದಾ" ಅಂದರು. ಕುಶನ್ ಕೆಲಸದವರು 2,200 ತೆಗೆದುಕೊಂಡರು. ಯಜಮಾನ ಪಿನ್ ಹೊಡೆದು ಕೊಟ್ಟ ಬೋಲ್ಟಿನ ಕವರುಗಳು ಮಾತ್ರ ಬೀರುವಿನಲ್ಲಿ ಇದ್ದವು, ಹಾಗಾಗಿ ಸೀಟು ಕೂರಿಸಲು ನಲವತ್ತು ನಿಮಿಷ ಸಾಕಾಯಿತು. ಈಗ ಸೀಟು ನಡುಮನೆಯಲ್ಲೇ ಇರುತ್ತದೆ, ಗೋಡೆಗೆ ಒರಗಿಸಿ. ಬಂದವರು ಸೋಫಾ ಅಂದುಕೊಂಡು ಕೂರುತ್ತಾರೆ.